ಶಿಯರ್ ಕೊಳದ ಕಪ್ಪು

ಇಂಗ್ಲೆಂಡಿನ ಸರ್ರೇ ಪ್ರಾಂತ್ಯದ ಶಿಯರ್ ಹಳ್ಳಿಯಲ್ಲಿ ಟಿಲ್ಲಿಂಗ್‌ಬೋರ್ನ್ ಎಂಬ ಸಣ್ಣ ಹೊಳೆ ಹರಿಯುತ್ತದೆ. ಅಲ್ಲಿನ ಗಿರಣಿ ಕೊಳವನ್ನು ಫ್ರಾನ್ಸಿಸ್ ಸೀಮೋರ್ ಹೇಡನ್ 1860ರಲ್ಲಿ ತಾಮ್ರದ ತಗಡಿನ ಮೇಲೆ ಕೊರೆದರು. ವೃತ್ತಿಯಲ್ಲಿ ಅವರು ಶಸ್ತ್ರವೈದ್ಯರು. ನಿಶ್ಚಲ ನೀರು, ಅದರಲ್ಲಿ ಮರಗಳ ನೆರಳು, ಆಗಷ್ಟೇ ಮೇಲೆದ್ದ ಬಾತುಕೋಳಿ: ಚಿತ್ರ ಇಷ್ಟೇ. ಆದರೆ ಅದರ ಕಪ್ಪನ್ನು ಹತ್ತಿರದಿಂದಲೇ ನೋಡಬೇಕು.

ಎಚ್ಚಿಂಗ್ ಎಂದರೆ ಆಮ್ಲದಿಂದ ತಗಡಿನಲ್ಲಿ ಗೆರೆ ಕೊರೆದು, ಅದಕ್ಕೆ ಶಾಯಿ ತುಂಬಿ ಕಾಗದಕ್ಕೆ ಅಚ್ಚೊತ್ತುವ ಕಲೆ. ಇದನ್ನು ಮಾಡುವವರು ತಗಡಿಗೆ ಮೇಣದ ಲೇಪ ಹಚ್ಚಿ, ಹೊಗೆಯಿಂದ ಕಪ್ಪಾಗಿಸಿ, ಸೂಜಿಯಿಂದ ಗೀರುತ್ತಾರೆ. ಲೇಪ ಹೋದ ಕಡೆ ಮಾತ್ರ ಆಮ್ಲ ತಾಮ್ರವನ್ನು ತಿನ್ನುತ್ತದೆ. ನೈಟ್ರಿಕ್ ಆಮ್ಲವಾದರೆ ಗುಳ್ಳೆ ಏಳುತ್ತವೆ. ಅವನ್ನು ಗರಿಯಿಂದ ಸವರಿ ತೆಗೆಯದಿದ್ದರೆ ಗೆರೆ ಅಲ್ಲಲ್ಲಿ ತುಂಡಾಗುತ್ತದೆ. ಹೇಡನ್ ಬಳಸಿದ್ದು ಡಚ್ ದ್ರಾವಣ: 880 ಗ್ರಾಂ ನೀರಿಗೆ 20 ಗ್ರಾಂ ಪೊಟ್ಯಾಸಿಯಂ ಕ್ಲೋರೇಟ್, 100 ಗ್ರಾಂ ಹೈಡ್ರೋಕ್ಲೋರಿಕ್ ಆಮ್ಲ. ಇದು ನಿಧಾನ, ಆದರೆ ಗೆರೆಯನ್ನು ಅಗಲಿಸದೆ ನೇರ ಕೆಳಕ್ಕೆ ಇಳಿಯುತ್ತದೆ. (ಕ್ಲೋರಿನ್ ಅನಿಲ ಬರುವುದರಿಂದ ಮನೆಯಲ್ಲಿ ಯಾರೂ ಇದನ್ನು ಬೆರೆಸಬಾರದು.) ತಗಡು ದ್ರಾವಣದಲ್ಲಿ ಮುಳುಗಿರುವಾಗಲೇ ಗೀರುವುದು ಹೇಡನ್ ಮೆಚ್ಚಿದ ಕ್ರಮ. ದಟ್ಟವಾಗಬೇಕಾದ ಗೆರೆ ಮೊದಲು, ತೆಳುವಾದದ್ದು ಕೊನೆಗೆ. ಮೊದಲು ಗೀರಿದ್ದನ್ನು ಆಮ್ಲ ಹೆಚ್ಚು ಹೊತ್ತು ತಿನ್ನುತ್ತದೆ, ಹಾಗಾಗಿ ನಡುವೆ ತಗಡನ್ನು ಹೊರತೆಗೆದು ತೆಳು ಗೆರೆಗಳಿಗೆ ಆಮ್ಲ ತಾಗದಂತೆ ವಾರ್ನಿಷ್ ಬಳಿಯುವ ಗೋಜಿಲ್ಲ.

ಶಿಯರ್ ಚಿತ್ರದಲ್ಲಿ ಡ್ರೈಪಾಯಿಂಟ್ ಕೂಡ ಇದೆ. ಇಲ್ಲಿ ಆಮ್ಲವಿಲ್ಲ, ಸೂಜಿಯೇ ತಾಮ್ರವನ್ನು ಸೀಳುತ್ತದೆ. ನೇಗಿಲ ಸಾಲಿನ ಪಕ್ಕ ಮಣ್ಣು ಎದ್ದ ಹಾಗೆ ಗೆರೆಯ ಅಂಚಿನಲ್ಲಿ ತಾಮ್ರದ ತೆಳು ಏಣು ಏಳುತ್ತದೆ. ಶಾಯಿ ಅದಕ್ಕೆ ಅಂಟಿ ಮಖಮಲ್ಲಿನಂಥ ಕಪ್ಪು ಮೂಡುತ್ತದೆ. ಅಚ್ಚಿನ ಉರುಳೆ ಹರಿದಷ್ಟೂ ಆ ಏಣು ಜಜ್ಜಿಹೋಗುತ್ತದೆ. ಆದ್ದರಿಂದ ಮೊದಲ ಪ್ರತಿಗಳೇ ಬೇರೆ, ತಡವಾಗಿ ತೆಗೆದವೇ ಬೇರೆ.

ಇಂಥ ಅಚ್ಚುಗಳು ಬೆಳಕಿಗೆ ಹಾಳಾಗುವುದರಿಂದ ಗೋಡೆಯ ಮೇಲೆ ಸದಾ ಇರುವುದಿಲ್ಲ. ಬ್ರಿಟಿಷ್ ಮ್ಯೂಸಿಯಂನಲ್ಲಿ ಅಚ್ಚುಚಿತ್ರಗಳ ಅಧ್ಯಯನ ಕೊಠಡಿಯೇ ಇದೆ. ಮ್ಯೂಸಿಯಂ ಜಾಲತಾಣದಲ್ಲಿ ಹೇಡನ್ ಹೆಸರು ಹುಡುಕಿ, ಪ್ರತಿಯ ನೋಂದಣಿ ಸಂಖ್ಯೆ ಬರೆದುಕೊಂಡು, ಮುಂಚಿತವಾಗಿ ಸಮಯ ಕೇಳಿ. ಪೆನ್ನು ಬೇಡ, ಪೆನ್ಸಿಲ್ ಒಯ್ಯಿರಿ. ಒಂದೇ ಚಿತ್ರದ ಎರಡು ಪ್ರತಿ ಸಿಕ್ಕರೆ ಅಕ್ಕಪಕ್ಕ ಇಡಲು ಕೋರಿ, ದಟ್ಟ ನೆರಳಿರುವಲ್ಲಿ ಕಣ್ಣು ನೆಡಿ. ಗೆರೆಯ ಅಂಚು ಮಸುಕಾಗಿ ಶಾಯಿ ಹರಡಿದಂತಿದ್ದರೆ ಅಲ್ಲಿ ಏಣು ಇನ್ನೂ ಉಳಿದಿತ್ತು. ಗೆರೆ ಬಡಕಲಾಗಿ ಬೂದು ತಿರುಗಿದ್ದರೆ ಉರುಳೆ ಅದನ್ನು ಆಗಲೇ ಸವೆಸಿತ್ತು.