ಸೈಟಲ್ಲೇ ಕನ್ನಡ ಕಲಿಸಿ

ಸಂಪಾದಕರಿಗೆ ನಮಸ್ಕಾರ,

ಹೊರಗಿಂದ ಬಂದವ್ರು ಕನ್ನಡ ಕಲೀಬೇಕು ಅನ್ನೋದ್ರಲ್ಲಿ ನಂಗೆ ಎರಡನೇ ಮಾತಿಲ್ಲ. ಆದ್ರೆ ಈ ಚರ್ಚೆ ಬಂದಾಗೆಲ್ಲ ಬೋರ್ಡು, ಮಾಲ್, ಐಟಿ ಆಫೀಸು ಇಷ್ಟರಲ್ಲೇ ಮುಗ್ದೋಗತ್ತೆ, ಒಡಿಶಾ ಬಂಗಾಳ ಬಿಹಾರದಿಂದ ಬಂದು ನಮ್ಮ ಅಪಾರ್ಟ್‌ಮೆಂಟ್ ಕಟ್ತಿರೋರ ಬಗ್ಗೆ ಯಾರೂ ಮಾತಾಡಲ್ಲ, ಕನ್ನಡ ಬರ್ದೇ ಇದ್ರೆ ಜೇಬಿಗೆ ಕತ್ರಿ ಬೀಳೋದು ಅವ್ರಿಗೇನೇ.

ಊರಿಂದ ಕರ್ಕೊಂಡು ಬರೋನು ಅವ್ರ ಕಡೆಯವನೇ ಒಬ್ಬ ಮೇಸ್ತ್ರಿ. ಕೆಲಸ, ಶೆಡ್ಡು, ಕೈಸಾಲ ಎಲ್ಲ ಅವ್ನೇ ನೋಡ್ಕೋತಾನೆ, ಬಂದ ಹೊಸದ್ರಲ್ಲಿ ಅದು ದೊಡ್ಡ ಆಸರೆನೇ. ಆದ್ರೆ ಓನರ್ ಹತ್ರ ರೇಟ್ ಕುದುರ್ಸೋನೂ ಅವ್ನೇ, ವಾರದ ಬಟವಾಡೆ ಮಾಡೋನೂ ಅವ್ನೇ ಆದ್ಮೇಲೆ ಓನರ್ ಎಷ್ಟು ಕೊಟ್ರು ತನ್ನ ಕೈಗೆ ಎಷ್ಟು ಬಂತು ಅಂತ ಕೆಲಸದವ್ನಿಗೆ ಗೊತ್ತಾಗೋದಾದ್ರೂ ಹೇಗೆ?

ಹೆಣ್ಣೂರಲ್ಲಿ ನಮ್ಮ ಬೀದೀಲಿ ಟೈಲ್ಸ್ ಹಾಕೋ ಒಡಿಶಾ ಹುಡುಗ ಒಬ್ಬ ಇದಾನೆ. ಮೊದ್ಲು ಹೆಲ್ಪರ್ ಆಗಿ ಸಿಮೆಂಟ್ ಕಲಸ್ತಿದ್ದ, ಕಾಂಡಿಮೆಂಟ್ಸ್ ಅಂಗಡಿ ಆಂಟಿ ಹತ್ರ ಮಾತಾಡ್ತಾ ಮಾತಾಡ್ತಾ ಕನ್ನಡ ಕಲ್ತ. ಈಗ ಮನೆ ಕಟ್ಸೋರ ಮುಂದೆ ತಾನೇ ನಿಂತು "ಸ್ಕ್ವೇರ್ ಫೀಟ್ ಲೆಕ್ಕ ಅಣ್ಣ, ಸಾಮಾನು ನಿಮ್ದು ಲೇಬರ್ ನಂದು, ಸ್ಕರ್ಟಿಂಗ್ ಬೇರೆ" ಅಂತ ರೇಟ್ ಹೇಳ್ತಾನೆ. ಜೂನ್‌ನಲ್ಲಿ ಅವ್ರ ಊರಿನ 'ರಜ' ಅನ್ನೋ ಹಬ್ಬ ಬಂದ್ರೆ ಯಾರು ಕರೆದ್ರೂ ಕೆಲಸ ಮುಟ್ಟಲ್ಲ, ಹೆಂಡ್ತಿ ಮಾಡಿದ ಪೋಡ ಪಿಠಾ ಅನ್ನೋ ಹಬ್ಬದ ತಿಂಡೀನ ಅಕ್ಕಪಕ್ಕದ ಮನೆಗೆಲ್ಲ ಕೊಡ್ತಾನೆ. ಅವ್ನ ಒಡಿಯಾತನ ಒಂಚೂರೂ ಕಮ್ಮಿ ಆಗಿಲ್ಲ, ಸಂಪಾದನೆ ಮಾತ್ರ ಜಾಸ್ತಿ ಆಗಿದೆ. ಚಿಕ್ಕಪೇಟೆ ಮಾರ್ವಾಡಿ ಅಂಗಡಿಯವ್ರನ್ನ ನೋಡಿ, ಗಲ್ಲಾ ಮೇಲೆ ಕೂತು ನಮ್ಮಷ್ಟೇ ಸಲೀಸಾಗಿ ಕನ್ನಡದಲ್ಲಿ ವ್ಯಾಪಾರ ಮಾಡ್ತಾರೆ, ಮನೇಲಿ ಮಾರ್ವಾಡಿನೇ.

ಇದನ್ನ ಕಡೆಗಣಿಸಿದ್ರೆ ಏನಾಗತ್ತೆ ಅಂತ ಜರ್ಮನಿ ನೋಡಿ ಕಲೀಬೋದು. 1961ರಲ್ಲಿ ಟರ್ಕಿ ಜೊತೆ ಒಪ್ಪಂದ ಮಾಡ್ಕೊಂಡು ಫ್ಯಾಕ್ಟರಿಗೆ ಜನ ಕರೆಸಿದ್ರು, ಹೆಸರೇ ಅತಿಥಿ ಕೆಲಸಗಾರರು ಅಂತ, ಹೇಗೂ ವಾಪಸ್ ಹೋಗೋರಿಗೆ ಭಾಷೆ ಯಾಕೆ ಅಂತ ತಲೆ ಕೆಡಿಸ್ಕೊಳ್ಳಲಿಲ್ಲ. 1973ರಲ್ಲಿ ನೇಮಕ ನಿಲ್ಸಿದ್ರು, ಆದ್ರೆ ಲಕ್ಷಗಟ್ಲೆ ಜನ ಅಲ್ಲೇ ಉಳ್ಕೊಂಡು ಹೆಂಡ್ತಿ ಮಕ್ಕಳನ್ನೂ ಕರೆಸ್ಕೊಂಡ್ರು. ಸರ್ಕಾರ ಇಡೀ ದೇಶಕ್ಕೆ ಅಂತ ಭಾಷಾ ಕೋರ್ಸ್ ತಂದಿದ್ದು 2005ರಲ್ಲಿ, 600 ಪೀರಿಯಡ್ ಭಾಷೆ ಪಾಠ. ಅಷ್ಟೊತ್ತಿಗೆ ಒಂದು ತಲೆಮಾರು ಕಳೆದೇ ಹೋಗಿತ್ತು.

ನಮ್ಗೂ ಇವ್ರು ಬೇಕು, 2020ರ ಮೇ ತಿಂಗಳ ಲಾಕ್‌ಡೌನ್‌ನಲ್ಲಿ ಬಿಲ್ಡರ್‌ಗಳ ಜೊತೆ ಮೀಟಿಂಗ್ ಆದ್ಮೇಲೆ ರಾಜ್ಯ ಸರ್ಕಾರ ಇವ್ರನ್ನ ಊರಿಗೆ ಕರ್ಕೊಂಡು ಹೋಗೋ ಶ್ರಮಿಕ್ ರೈಲುಗಳನ್ನೇ ಕ್ಯಾನ್ಸಲ್ ಮಾಡ್ಸಿ, ಎಲ್ಲ ಕಡೆ ಬೈಸ್ಕೊಂಡ್ಮೇಲೆ ಮತ್ತೆ ಬಿಟ್ಟಿದ್ದು ಮರೆತಿಲ್ಲ ತಾನೇ.

ಹಾಗಂತ ಭಾಷೆ ಒಂದೇ ಸಾಕು ಅಂತಲೂ ನಾನು ಹೇಳಲ್ಲ. ರಾಯಚೂರು, ಯಾದಗಿರಿಯಿಂದ ಬಂದವ್ರದ್ದು ಅಚ್ಚ ಕನ್ನಡ, ಆದ್ರೂ ಎಷ್ಟೋ ಜನ ನೀಲಿ ಟಾರ್ಪಾಲ್ ಗುಡಿಸ್ಲಲ್ಲೇ ಇದಾರೆ, ಇದು ನಂಗೆ ತುಂಬಾ ನೋವಿನ ವಿಷ್ಯ. ಅದಕ್ಕೇ ಹಕ್ಕಿನ ವಿಷ್ಯಾನೂ ಭಾಷೆ ಜೊತೆಗೇ ಹೇಳ್ಕೊಡ್ಬೇಕು.

ಕಟ್ಟಡ ಖರ್ಚಿನ ಶೇ 1ರಷ್ಟು ಸೆಸ್ ಕಾರ್ಮಿಕರ ಕಲ್ಯಾಣ ಮಂಡಳಿಗೆ ಹೋಗತ್ತಲ್ಲ, ಆ ದುಡ್ಡಲ್ಲಿ ದೊಡ್ಡ ಸೈಟ್‌ಗಳಲ್ಲಿ ಸಂಜೆ ಒಂದು ಗಂಟೆ ಕನ್ನಡ ಕ್ಲಾಸ್ ನಡೆಸ್ಲಿ. ಅಆಇಈ ಆಮೇಲೆ ಇರ್ಲಿ, ಮೊದ್ಲು ಕೂಲಿ ಎಷ್ಟು, ಓಟಿ ಎಷ್ಟು, ಬಾಕಿ ಯಾವಾಗ ಕೊಡ್ತೀರ, ಪೆಟ್ಟಾದ್ರೆ ಯಾರಿಗೆ ಹೇಳ್ಬೇಕು ಇದನ್ನ ಕಲಿಸ್ಲಿ. ಮಂಡಳೀಲಿ ಹೆಸರು ಬರೆಸೋಕೆ ವರ್ಷದಲ್ಲಿ 90 ದಿನ ಕೆಲಸ ಮಾಡಿದ್ದಕ್ಕೆ ಸರ್ಟಿಫಿಕೇಟ್ ಬೇಕು, ಬೇರೆ ರಾಜ್ಯದವ್ರೂ ಬರೆಸ್ಬೋದು, ಇದನ್ನ ಅವ್ರಿಗೆ ಮೇಸ್ತ್ರಿ ಹೇಳ್ತಾನಾ?

ನಿಮ್ಮ ವರದಿಗಾರರನ್ನ ಒಂದ್ಸಲ ಸರ್ಜಾಪುರ ರೋಡ್ ಕಡೆ ಲೇಬರ್ ಶೆಡ್‌ಗಳಿಗೆ ಕಳಿಸಿ, ಮೇಸ್ತ್ರಿ ಇಲ್ದಿದ್ದಾಗ ಅವ್ರನ್ನ ಮಾತಾಡ್ಸಿ ಬರೀರಿ.

ಇಂತಿ,
ನಿಮ್ಮ ಓದುಗ, ಹೆಣ್ಣೂರು, ಬೆಂಗಳೂರು