ಕದಿಯದ ಲಾಕೆಟ್‌ಗೆ ತಪ್ಪೊಪ್ಪಿಗೆ

ಸಂಪಾದಕರೇ,

ಕಳೆದ ಭಾನುವಾರ ನಿಮ್ಮ ಸಿನಿಮಾ ಪುಟದಲ್ಲಿ ಹಾಲಿವುಡ್‌ನ ಹಳೆಯ ಕಪ್ಪು ಬಿಳುಪು ಕ್ರೈಂ ಚಿತ್ರಗಳ ಪಟ್ಟಿ ಬಂದಿತ್ತು. 1946ರ ‘ದಿ ಲಾಕೆಟ್’ಗೆ ಸಿಕ್ಕಿದ್ದು ಒಂದೇ ಸಾಲು: ‘ಕದಿಯುವ ಚಟದ ಹುಚ್ಚು ಹೆಣ್ಣಿನ ಕಥೆ’. ಆ ಸಾಲಿಗೆ ನನ್ನ ತಕರಾರಿದೆ.

ನಾನು 31 ವರ್ಷ ಕೋರ್ಟಿನಲ್ಲಿ ಸ್ಟೆನೋ ಆಗಿದ್ದವಳು. ‘ಅವನು ಹೀಗಂದ ಅಂತ ಇವನು ನನಗೆ ಹೇಳಿದ’ ಎಂದು ಸಾಕ್ಷಿ ಶುರು ಮಾಡಿದರೆ ಸಾಕು, ಅದು ಬರೀ ಕೇಳಿದ ಮಾತು ಎಂದು ಎದುರಿನ ವಕೀಲರು ತಟ್ಟನೆ ಎದ್ದು ನಿಲ್ಲುತ್ತಿದ್ದರು. ನನ್ನ ಪೆನ್ಸಿಲ್ಲೂ ನಿಲ್ಲುತ್ತಿತ್ತು. ಈ ಚಿತ್ರ ನೋಡುವಾಗ ಆ ಪೆನ್ಸಿಲ್ ಎಷ್ಟು ಸಲ ನಿಂತಿತೋ!

ಮದುವೆಯ ದಿನ ಡಾ. ಬ್ಲೇರ್ ಎಂಬ ಮನೋವೈದ್ಯ ಮದುಮಗನ ಮನೆಗೆ ಬರುತ್ತಾನೆ. ಮದುಮಗಳು ನ್ಯಾನ್ಸಿ ಹಿಂದೆ ತನ್ನ ಹೆಂಡತಿಯಾಗಿದ್ದವಳು, ಕಳ್ಳಿ, ಕೊಲೆಯನ್ನೂ ಮಾಡಿದವಳು ಎನ್ನುತ್ತಾನೆ. ಅವನ ಕಥೆಯೊಳಗೆ ನಾರ್ಮನ್ ಎಂಬ ಚಿತ್ರಕಾರ ಬಂದು ತನ್ನ ಕಥೆ ಹೇಳುತ್ತಾನೆ (ರಾಬರ್ಟ್ ಮಿಚಮ್, ಚೆನ್ನಾಗಿದ್ದಾರೆ). ಅದರೊಳಗೆ ನ್ಯಾನ್ಸಿಯ ಬಾಲ್ಯ. ಡಬ್ಬಿಯೊಳಗೆ ಡಬ್ಬಿ, ಅದರೊಳಗೆ ಇನ್ನೊಂದು. ನಿರ್ದೇಶಕ ಜಾನ್ ಬ್ರಾಮ್ ಚಮತ್ಕಾರಕ್ಕೆ ಹೀಗೆ ಮಾಡಿದರೋ ಏನೋ. ನಾನು ಗಮನಿಸಿದ್ದು ಬೇರೆ. ನ್ಯಾನ್ಸಿ ತಾನಾಗಿ ಹೇಳಿದ್ದು ಆ ಒಳಗಿನ ಪುಟ್ಟ ಡಬ್ಬಿ ಮಾತ್ರ. ಅದೂ ಇಬ್ಬರು ಗಂಡಸರ ಬಾಯಿ ದಾಟಿ ಮೂರನೆಯವನ ಕಿವಿಗೆ ಬಿದ್ದದ್ದು.

ಆ ಡಬ್ಬಿಯಲ್ಲಿ ಇರುವುದೇನು? ನ್ಯಾನ್ಸಿಯ ತಾಯಿ ದೊಡ್ಡವರ ಮನೆಯಲ್ಲಿ ಕೆಲಸಕ್ಕಿದ್ದವಳು. ಆ ಮನೆಯ ಮಗಳು ಕರೆನ್ ಪ್ರೀತಿಯಿಂದ ನ್ಯಾನ್ಸಿಗೆ ಲಾಕೆಟ್ ಕೊಡುತ್ತಾಳೆ, ಕರೆನ್‌ಳ ತಾಯಿ ಕಿತ್ತುಕೊಳ್ಳುತ್ತಾಳೆ. ಮುಂದೆ ಅದು ಕಾಣೆಯಾದಾಗ ಅನುಮಾನ ಯಾರ ಮೇಲೆ ಅಂತ ಹೇಳಬೇಕಿಲ್ಲ ಅಲ್ವಾ? ನಿಜಕ್ಕೂ ಅದು ಕರೆನ್‌ಳ ಬಟ್ಟೆಯ ಅಂಚಿನಲ್ಲಿ ಸಿಕ್ಕಿಕೊಂಡಿತ್ತು. ಆದರೂ ಆ ಹೆಂಗಸು ಮಗುವಿನ ಬಾಯಿಂದ ‘ನಾನೇ ಕದ್ದೆ’ ಅಂತ ಬಲವಂತವಾಗಿ ಹೇಳಿಸುತ್ತಾಳೆ.

ಇಂಥ ಮಾತನ್ನು ನಾನೂ ಬರೆದುಕೊಂಡಿದ್ದೇನೆ. ಒಬ್ಬ ಹುಡುಗ, ಇನ್ನೂ ಮೀಸೆ ಬಲಿತಿರಲಿಲ್ಲ, ತಪ್ಪು ಒಪ್ಪಿಕೊಂಡುಬಿಟ್ಟಿದ್ದ. ಯಾಕೆ ಒಪ್ಪಿಕೊಂಡೆ ಎಂದು ಜಡ್ಜ್ ಕೇಳಿದರು. ‘ಒಪ್ಕೊಂಡ್ರೆ ಬಿಡ್ತೀವಿ ಅಂದ್ರು’ ಎಂದ. ಶೀಘ್ರಲಿಪಿಯಲ್ಲಿ ನಾಲ್ಕು ಗೀಟು, ಅಷ್ಟೇ. ಇವತ್ತಿಗೂ ನೆನಪಿದೆ.

ನಾರ್ಮನ್ ಬರೆದ ನ್ಯಾನ್ಸಿಯ ಚಿತ್ರಕ್ಕೆ ಕಣ್ಣುಪಾಪೆಗಳಿಲ್ಲ. ಅವಳನ್ನು ಕಸ್ಸಾಂಡ್ರಳಾಗಿ ಬರೆದಿದ್ದಾನೆ. ಗ್ರೀಕರ ಕಥೆಯಲ್ಲಿ ಕಸ್ಸಾಂಡ್ರ ನಿಜವನ್ನೇ ಹೇಳುತ್ತಾಳೆ, ಯಾರೂ ನಂಬುವುದಿಲ್ಲ. ಊರೆಲ್ಲ ಸುಳ್ಳಿ ಅನ್ನುವವಳಿಗೆ ಈ ಹೆಸರು! ಸುಮ್ನೆ ಇಟ್ಟದ್ದಲ್ಲ ಅನ್ನಿಸುತ್ತದೆ.

ಅವಳು ನಿರಪರಾಧಿ ಅಂತ ನಾನು ವಾದಿಸುತ್ತಿಲ್ಲ. ಅವಳು ಬಾಯಿ ಬಿಡದ ಕಾರಣಕ್ಕೆ ಆ ಕೊಲೆಯ ಆರೋಪ ಹೊತ್ತ ಒಬ್ಬ ಮನೆಗೆಲಸದವನಿಗೆ ಮರಣದಂಡನೆಯಾಗುತ್ತದೆ. ಅದು ಚಿಕ್ಕ ವಿಷಯವಲ್ಲ. ಆದರೆ ಕೊನೆಯ ದೃಶ್ಯ ನೋಡಿ. ಅವಳು ಮದುವೆಯಾಗಲು ಹೊರಟಿರುವುದು ಅದೇ ಮನೆಯ ಮಗನನ್ನು. ಅಂದು ಲಾಕೆಟ್ ಕಿತ್ತುಕೊಂಡ ಹೆಂಗಸು, ಈಗ ಅತ್ತೆಯಾಗುವವಳು, ಇವಳು ಯಾರೆಂದು ಗುರುತಿಸದೆ ಅದೇ ಲಾಕೆಟನ್ನು ಇವಳಿಗೆ ಕೊಡುತ್ತಾಳೆ. ಮದುವೆಗೆ ನಡೆದು ಬರುವಾಗ ಹಳೆಯದೆಲ್ಲ ನುಗ್ಗಿ ಬಂದು ನ್ಯಾನ್ಸಿ ಕುಸಿಯುತ್ತಾಳೆ. ಅವಳನ್ನು ಆಸ್ಪತ್ರೆಗೆ ಒಯ್ಯುತ್ತಾರೆ. ತಪ್ಪು ಮಾಡಿದವರು ಪರದೆಯ ಮೇಲೆ ತಪ್ಪಿಸಿಕೊಳ್ಳುವಂತಿಲ್ಲ ಎಂಬ ನಿಯಮ ಆಗ ಹಾಲಿವುಡ್‌ನಲ್ಲಿತ್ತು, ಒಪ್ಪೋಣ. ಆದರೆ ಆ ಅತ್ತೆಗೆ ಯಾರೂ ಒಂದು ಪ್ರಶ್ನೆ ಕೇಳುವುದಿಲ್ಲ. ಪಾಟಿ ಸವಾಲೇ ಇಲ್ಲ.

ಮುಂದಿನ ಸಲ ಪಟ್ಟಿ ಹಾಕಿದರೆ ದಯವಿಟ್ಟು ಹೀಗೆ ಬರೆಯಿರಿ: ‘ಕದಿಯದ ಲಾಕೆಟ್‌ಗೆ ತಪ್ಪೊಪ್ಪಿಕೊಂಡ ಹುಡುಗಿಯ ಕಥೆ’. ಅಳೆದು ನೋಡಿದ್ದೇನೆ, ನಿಮ್ಮ ಒಂದೇ ಸಾಲಿನಲ್ಲಿ ಹಿಡಿಯುತ್ತದೆ.

ಇಂತಿ,
ಒಬ್ಬ ನಿವೃತ್ತ ಕೋರ್ಟ್ ಸ್ಟೆನೋ