ಕೊನೆಯ ಕಂತು ಕಟ್ಟಿದ ದಿನ

ಬೆಂಗಳೂರಿನ ಪೀಣ್ಯದಲ್ಲಿರುವ, ಗಿರಾಕಿಗಳು ಹೇಳಿದಂತೆ ಲೇತಿನಲ್ಲಿ ಬಿಡಿಭಾಗ ಮಾಡಿಕೊಡುವ ನಮ್ಮ ಜಾಬ್ ವರ್ಕ್ ಶಾಪಿನ ಮೇಲಿದ್ದ ಬ್ಯಾಂಕ್ ಸಾಲದ ಕೊನೆಯ ಕಂತನ್ನು ಕಳೆದ ಶುಕ್ರವಾರ ಕಟ್ಟಿದೆ. 2020ರ ಲಾಕ್‌ಡೌನಿನಲ್ಲಿ ಲೇತುಗಳೆಲ್ಲ ನಿಂತುಹೋಗಿ, ಮತ್ತೆ ಶುರುವಾದ ಮೇಲೂ ಒಪ್ಪಿಕೊಂಡ ತಾರೀಖಿಗೆ ಮಾಲು ಕೊಡಲಾಗದೆ ಗಿರಾಕಿಗಳನ್ನು ಒಬ್ಬೊಬ್ಬರಾಗಿ ಕಳೆದುಕೊಂಡ ಆ ದಿನಗಳಲ್ಲಿ ನನ್ನ ಕೈಬಿಡದವರಿಗೆ ನಾಲ್ಕು ಜನರ ಮುಂದೆ ಕೃತಜ್ಞತೆ ಹೇಳಲೇಬೇಕೆನಿಸಿ ಇದನ್ನು ಬರೆಯುತ್ತಿದ್ದೇನೆ.

ರಾಜಾಜಿನಗರದ ನಮ್ಮ ಬೀದಿಯ ನಿವೃತ್ತ ಮೇಷ್ಟ್ರು, ನಾನು ಕಷ್ಟ ಹೇಳಿಕೊಂಡಾಗ, ಮ್ಯಾನೇಜ್‌ಮೆಂಟ್ ಚಿಂತಕ ಪೀಟರ್ ಡ್ರಕರ್ ಅವರು 1960ರ ದಶಕದಲ್ಲಿ ಬರೆದ ‘ದಿ ಎಫೆಕ್ಟಿವ್ ಎಕ್ಸಿಕ್ಯುಟಿವ್’ ಪುಸ್ತಕವನ್ನು ಕೈಗಿಟ್ಟರು. ಮಾಡಬೇಕಾದ ಕೆಲಸಗಳಿಂದಲ್ಲ, ಸಮಯ ನಿಜಕ್ಕೂ ಎಲ್ಲಿ ಹೋಗುತ್ತಿದೆಯೆಂದು ತಿಳಿಯುವುದರಿಂದ ಆರಂಭಿಸಬೇಕು, ಅದಕ್ಕೆ ನೆನಪನ್ನು ನಂಬದೆ ಆಗಿಂದಾಗಲೇ ಬರೆದಿಡಬೇಕು, ವರ್ಷಕ್ಕೆರಡು ಸಲವಾದರೂ ಮೂರು ನಾಲ್ಕು ವಾರ ಹೀಗೆ ಮಾಡಬೇಕು ಎಂಬುದು ಡ್ರಕರ್ ಅವರ ಸಲಹೆ. ಅರ್ಧ ದಿನ ಡ್ರಾಯಿಂಗು, ಕೊಟೇಶನ್ನುಗಳಲ್ಲೇ ಕಳೆಯುತ್ತೇನೆಂದು ನಂಬಿದ್ದ ನನಗೆ, ಅವುಗಳಿಗೆ ಒಂದು ಗಂಟೆಯೂ ಸಿಗುತ್ತಿಲ್ಲವೆಂದು ನನ್ನದೇ ನೋಟ್‌ಬುಕ್ ತೋರಿಸಿತು.

ಅದಕ್ಕಿಂತ ಕಷ್ಟವೆನಿಸಿದ್ದು ಅವರ ಇನ್ನೊಂದು ಮಾತು: ನನ್ನಿಂದ ನಿಮ್ಮ ಸಮಯ ಹೇಗೆ ಹಾಳಾಗುತ್ತಿದೆ ಎಂದು ಜೊತೆಗೆ ದುಡಿಯುವವರನ್ನೇ ಕೇಳಬೇಕು. ಕೇಳಿದೆ. ಲೇತ್ ನಡೆಸುವ ನಮ್ಮ ಹಿರಿಯ ಟರ್ನರ್ ಸ್ವಲ್ಪ ಹೊತ್ತು ಸುಮ್ಮನಿದ್ದು, “ಸೆಟ್ಟಿಂಗ್ ಮಧ್ಯದಲ್ಲಿ ಬೇರೆ ಅರ್ಜೆಂಟ್ ಜಾಬ್ ತಂದು ಹಾಕಿಸ್ತೀರಿ ಸಾರ್. ಬಿಚ್ಚಿ, ಮತ್ತೆ ಕಟ್ಟಿ, ಡಯಲ್ ಹಿಡಿದು ಸೆಂಟರ್ ಮಾಡೋಷ್ಟರಲ್ಲಿ ಅರ್ಧ ಶಿಫ್ಟ್ ಹೋಗಿರುತ್ತೆ” ಎಂದರು. ಸಂಬಳ ಕೊಡುವವನ ಮುಖ ನೋಡಿ ಹೀಗೆ ಹೇಳುವುದಕ್ಕೆ ಎಷ್ಟು ಧೈರ್ಯ ಬೇಕೆಂಬುದು ನನಗೆ ಗೊತ್ತು, ಏಕೆಂದರೆ ನಾನೂ ಹತ್ತು ವರ್ಷ ಇನ್ನೊಬ್ಬರ ಶಾಪಿನಲ್ಲಿ ದುಡಿದವನು. ಪುಸ್ತಕ ಪ್ರಶ್ನೆಯನ್ನಷ್ಟೇ ಕೊಡಬಲ್ಲದಾಗಿತ್ತು; ಉತ್ತರ ಕೊಟ್ಟವರು ಅವರು. ಮರುದಿನದಿಂದ ಮಧ್ಯಾಹ್ನದ ಊಟದವರೆಗೆ ಯಾವ ಮಷೀನಿನ ಜಾಬನ್ನೂ ಇಳಿಸಬಾರದೆಂದು ಗೊತ್ತುಮಾಡಿದೆವು. ಆ ಒಂದೇ ಬದಲಾವಣೆಯಿಂದ ಹೇಳಿದ ತಾರೀಖಿಗೆ ಮಾಲು ಹೋಗತೊಡಗಿತು, ಬಿಟ್ಟುಹೋಗಿದ್ದ ಇಬ್ಬರು ಗಿರಾಕಿಗಳು ಮರಳಿ ಬಂದರು.

ಎರಡು ತಿಂಗಳು ಅರ್ಧ ಸಂಬಳಕ್ಕೆ ಒಪ್ಪಿ ನಿಂತ ಶಾಪಿನ ಎಲ್ಲರಿಗೂ, ಪುಸ್ತಕ ಕೊಟ್ಟ ಮೇಷ್ಟ್ರಿಗೂ ನನ್ನ ನಮಸ್ಕಾರಗಳು. ಮಕ್ಕಳು ಮಲಗಿದ ಮೇಲೆ ಕುಳಿತು ಲೆಕ್ಕ ಬರೆದ, ಬಾಡಿಗೆ ಕಟ್ಟಲಾಗದ ತಿಂಗಳು ತವರಿನ ಅವಲಕ್ಕಿ ಸರವನ್ನು ತಾನಾಗಿಯೇ ತೆಗೆದುಕೊಟ್ಟ ನನ್ನ ಹೆಂಡತಿಗೆ ನಾನು ಹೆಚ್ಚು ಋಣಿ. ಆ ಸರವನ್ನು ಸೋಮವಾರ ಅಡವಿನಿಂದ ಬಿಡಿಸಿ ಅವಳ ಕೈಗೆ ಕೊಟ್ಟಿದ್ದೇನೆ.